ಪುಟದ ಭಾರ ಓದುಗರ ಹೆಗಲಿಗೇಕೆ?

ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ದೇಗುಲದ ಕಂಬವೊಂದನ್ನು ಇಂದಿನ ಸಾಧಾರಣ ಮೊಬೈಲಿನಲ್ಲಿ ಸೆರೆಹಿಡಿದರೂ ಫೋಟೋ 4000 ಪಿಕ್ಸೆಲ್ ಅಗಲ, 3000 ಪಿಕ್ಸೆಲ್ ಎತ್ತರ ಬರುತ್ತದೆ. ಅಂದರೆ 1.2 ಕೋಟಿ ಚುಕ್ಕೆಗಳು. ಫೈಲಿನ ತೂಕ ಸುಮಾರು 4 ಎಂಬಿ. ಆ ಫೋಟೋ ಹಾಗೆಯೇ ಒಂದು ವೆಬ್‌ಸೈಟಿಗೆ ಏರುತ್ತದೆ ಎಂದುಕೊಳ್ಳೋಣ. ಅದನ್ನು ಅರಸೀಕೆರೆಯಲ್ಲೋ ಕೊಟ್ಟೂರಿನಲ್ಲೋ ಮೊಬೈಲಿನಲ್ಲಿ ತೆರೆಯುವವರ ಪರದೆಯ ಅಗಲ ಸಾಮಾನ್ಯವಾಗಿ 720ರಿಂದ 1080 ಪಿಕ್ಸೆಲ್. ಪೂರ್ತಿ ಅಗಲಕ್ಕೆ ಹರಡಿ ತೋರಿಸಿದರೂ ಆ ಪರದೆಗೆ ಬೇಕಾದದ್ದು 1080 ಅಗಲ, 810 ಎತ್ತರದ ಚಿತ್ರ, ಅಂದರೆ 9 ಲಕ್ಷಕ್ಕೂ ಕಡಿಮೆ ಚುಕ್ಕೆಗಳು. ಬಂದಿಳಿದ ಹದಿನಾಲ್ಕು ಪಾಲಿನಲ್ಲಿ ಹದಿಮೂರು ಪಾಲು ಕಣ್ಣಿಗೆ ಬೀಳುವುದೇ ಇಲ್ಲ. ಆದರೆ ಹದಿನಾಲ್ಕೂ ಪಾಲಿನ ಡೇಟಾ, ಹದಿನಾಲ್ಕೂ ಪಾಲಿನ ಕಾಯುವಿಕೆ ನೋಡುಗರ ಲೆಕ್ಕಕ್ಕೇ ಬೀಳುತ್ತದೆ. ಸೇರು ಜೋಳ ಕೇಳಿದವರ ಮನೆಗೆ ಚೀಲವನ್ನೇ ಇಳಿಸಿ, ಹಮಾಲಿಯನ್ನೂ ಅವರಿಂದಲೇ ವಸೂಲಿ ಮಾಡಿದ ಹಾಗೆ ಇದು.

ವೆಬ್ ಪುಟದ ಚಿತ್ರಗಳನ್ನು ಹಗುರಗೊಳಿಸುವ ಕೆಲಸವನ್ನು ನಾವು ಕಂಪ್ಯೂಟರ್ ತಂತ್ರಜ್ಞರ ಪಾಲಿಗೆ ಬಿಟ್ಟಿದ್ದೇವೆ. ಅದು ಅಲಂಕಾರದ, ಇಲ್ಲವೇ ಗೂಗಲ್‌ನಲ್ಲಿ ಮೇಲೆ ಬರುವ ಉಪಾಯದ ವಿಷಯ ಎಂಬ ಭಾವನೆಯೂ ಇದೆ. ನಿಜಕ್ಕೂ ಇದು ಸಾರ್ವಜನಿಕ ನಡವಳಿಕೆಯ ಪ್ರಶ್ನೆ. ಪುಟ ಕಟ್ಟುವವರು ಹತ್ತು ನಿಮಿಷ ಉಳಿಸಿಕೊಂಡರೆ, ಆ ಪುಟ ತೆರೆಯುವ ಸಾವಿರಾರು ಜನ ತಮ್ಮ ಸಮಯವನ್ನೂ ರೀಚಾರ್ಜ್ ಹಣವನ್ನೂ ಕಳೆದುಕೊಳ್ಳುತ್ತಾರೆ. ಅದರಲ್ಲೂ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಂಥ ಸೀಮೆಯಲ್ಲಿ ಬಹಳ ಮನೆಗಳಿಗೆ ಮೊಬೈಲೇ ಏಕೈಕ ಕಂಪ್ಯೂಟರ್. ಅಲ್ಲಿ ಪುಟ ತೆರೆಯಲಿಲ್ಲವೆಂದರೆ ಸೇವೆ ಸಿಗಲಿಲ್ಲ ಎಂದೇ ಅರ್ಥ. ಹಾಗಾಗಿ ಚಿತ್ರದ ಗಾತ್ರ ಎಷ್ಟಿರಬೇಕು ಎಂದು ಯೋಚಿಸುವುದು ಪ್ರಕಟಿಸುವವರ ಹೊಣೆ. ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಇಲ್ಲಿ ಚಿತ್ರ ಬೇಕೇ ಎಂಬುದು.

ಲೆಕ್ಕ ಹೇಳುವುದೇನು?

ಸೆಕೆಂಡಿಗೆ 2 ಮೆಗಾಬಿಟ್ ವೇಗದ ಸಂಪರ್ಕದಲ್ಲಿ 4 ಎಂಬಿಯ ಒಂದು ಫೋಟೋ ಇಳಿಯಲು 16 ಸೆಕೆಂಡು ಬೇಕು. ಅದೇ ಫೋಟೋವನ್ನು 1080 ಪಿಕ್ಸೆಲ್ ಅಗಲಕ್ಕೆ ಇಳಿಸಿ 150 ಕೆಬಿಗೆ ತಂದರೆ ಅರ್ಧ ಸೆಕೆಂಡು ದಾಟುವಷ್ಟರಲ್ಲಿ ತೆರೆದುಕೊಳ್ಳುತ್ತದೆ. ಇನ್ನು ಹಲವು ಪ್ರೀಪೇಯ್ಡ್ ಪ್ಲಾನ್‌ಗಳಲ್ಲಿ ದಿನದ ಡೇಟಾ ಮುಗಿದ ಕೂಡಲೇ ವೇಗ ಸೆಕೆಂಡಿಗೆ 64 ಕಿಲೋಬಿಟ್‌ಗೆ ಕುಸಿಯುತ್ತದೆ. ಆ ವೇಗದಲ್ಲಿ 4 ಎಂಬಿಯ ಫೋಟೋಗೆ ಎಂಟು ನಿಮಿಷಕ್ಕೂ ಹೆಚ್ಚು ಹೊತ್ತು ಹಿಡಿಯುತ್ತದೆ. 150 ಕೆಬಿಯದಕ್ಕೆ 19 ಸೆಕೆಂಡು. ಸಂಜೆ ಡೇಟಾ ಮುಗಿಸಿಕೊಂಡು ಕುಳಿತ ವಿದ್ಯಾರ್ಥಿಗೆ ಮೊದಲನೆಯ ಪುಟ ಮುಚ್ಚಿದ ಬಾಗಿಲು. ಎರಡನೆಯದು ನಿಧಾನವಾದರೂ ತೆರೆಯುತ್ತದೆ. ಒಂದು ಸಮಾರಂಭದ ಹತ್ತು ಫೋಟೋಗಳನ್ನು ಇದ್ದ ಹಾಗೇ ಏರಿಸಿದ ಪುಟ 40 ಎಂಬಿ ತೂಗುತ್ತದೆ. ದಿನಕ್ಕೆ 1 ಜಿಬಿ ಪ್ಯಾಕ್ ಇರುವವರು ಅಂಥ ಇಪ್ಪತ್ತೈದು ಪುಟ ನೋಡಿದರೆ ಆ ದಿನದ ಡೇಟಾ ಪೂರ್ತಿ ಖಾಲಿ.

ಇದು ನಮ್ಮ ಭಾಗದ ಸಮಸ್ಯೆ ಮಾತ್ರವಲ್ಲ. ಜಗತ್ತಿನ ಲಕ್ಷಾಂತರ ವೆಬ್‌ಸೈಟುಗಳನ್ನು ಅಳೆಯುವ ಎಚ್‌ಟಿಟಿಪಿ ಆರ್ಕೈವ್ ಯೋಜನೆಯ 2022ರ ಲೆಕ್ಕದಲ್ಲಿ ಮಧ್ಯಮ ತೂಕದ ಒಂದು ಪುಟ ಸುಮಾರು 2 ಎಂಬಿ ಇತ್ತು, ಅದರಲ್ಲಿ ಅರ್ಧದ ಹತ್ತಿರ ಹತ್ತಿರ ಚಿತ್ರಗಳದೇ ಪಾಲು. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಿಸಬೇಕು ಎಂಬುದು ಗೂಗಲ್ 2020ರಲ್ಲಿ ಮುಂದಿಟ್ಟ ಅಳತೆಗೋಲು. ಆ ಮುಖ್ಯ ಭಾಗ ಬಹುಪಾಲು ಪುಟಗಳಲ್ಲಿ ಒಂದು ದೊಡ್ಡ ಚಿತ್ರವೇ ಆಗಿರುತ್ತದೆ. ಆದ್ದರಿಂದ ಪುಟ ನಿಧಾನವಾಗಿದೆ ಎಂಬ ದೂರು ಬಂದಾಗ ಸರ್ವರ್ ಬದಲಿಸುವ ಖರ್ಚಿಗೆ ಕೈಹಾಕುವ ಮುನ್ನ ತಲೆಬರಹದ ಕೆಳಗಿನ ಚಿತ್ರದ ತೂಕವನ್ನು ನೋಡಬೇಕು. ಮುಖಪುಟದಲ್ಲಿ ಒಂದರ ಹಿಂದೊಂದು ಸರಿಯುವ ಐದಾರು ದೊಡ್ಡ ಬ್ಯಾನರುಗಳಿದ್ದರೆ, ಮೊದಲನೆಯದು ಸರಿಯುವ ಮೊದಲೇ ಓದುಗರು ತಮಗೆ ಬೇಕಾದ ಕೊಂಡಿ ಹುಡುಕಿಕೊಂಡು ಕೆಳಗೆ ಹೋಗಿರುತ್ತಾರೆ. ಉಳಿದ ನಾಲ್ಕೈದು ಚಿತ್ರಗಳ ಡೇಟಾ ಮಾತ್ರ ವ್ಯರ್ಥವಾಗಿ ಸುರಿದಿರುತ್ತದೆ. ತೆಗೆಯುವುದಿದ್ದರೆ ಮೊದಲು ತೆಗೆಯಬೇಕಾದದ್ದು ಇಂಥ ಬ್ಯಾನರುಗಳನ್ನು.

ಬೆಂಗಳೂರಿನವರ ಗಣಿತ

ಚಿತ್ರವನ್ನು ಹಗುರ ಮಾಡುವುದು ಎಂದರೆ ಅದನ್ನು ಕೆಡಿಸುವುದಲ್ಲ. ಇದನ್ನು ಸಾಧ್ಯವಾಗಿಸಿದ ಗಣಿತದ ಹಿಂದೆ ಕನ್ನಡ ನಾಡಿನವರೇ ಒಬ್ಬರಿದ್ದಾರೆ. ನಾಸಿರ್ ಅಹಮದ್ 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಈಗ ಯುವಿಸಿಇ ಎಂದು ಹೆಸರಾಗಿರುವ ಕಾಲೇಜಿನಿಂದ 1961ರಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪದವಿ ಪಡೆದು ಅಮೆರಿಕಕ್ಕೆ ಹೋದರು. ಚಿತ್ರಗಳನ್ನು ಕಡಿಮೆ ಅಂಕಿಗಳಲ್ಲಿ ಹಿಡಿದಿಡುವ ಹೊಸ ವಿಧಾನವೊಂದನ್ನು ಅಭ್ಯಸಿಸಲು 1972ರಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಅವರು ಸಲ್ಲಿಸಿದ ಪ್ರಸ್ತಾವಕ್ಕೆ ಅನುದಾನ ಸಿಗಲಿಲ್ಲ. ಕೈಬಿಡದೆ ಮುಂದುವರಿದ ಅವರು ಕ್ಯಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿದ್ದಾಗ ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರ ಜೊತೆಗೂಡಿ 1974ರ ಜನವರಿಯಲ್ಲಿ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಎಂಬ ವಿಧಾನವನ್ನು ಪ್ರಕಟಿಸಿದರು. 1992ರಲ್ಲಿ ರೂಪುಗೊಂಡ ಜೆಪೆಗ್ ಮಾನದಂಡ ನಿಂತಿರುವುದು ಇದೇ ತಳಹದಿಯ ಮೇಲೆ. ಇಂದು ಮೊಬೈಲಿನಲ್ಲಿ ನೋಡುವ ಫೋಟೋಗಳಲ್ಲಿ ಬಹುಪಾಲು ಈ ಗಣಿತದ ಮೂಲಕವೇ ಹಾದು ಬರುತ್ತವೆ.

ಅದರ ಕೆಲಸದ ರೀತಿ ತಿಳಿದರೆ ಎಲ್ಲಿ ಹಿಂಡಬಹುದು, ಎಲ್ಲಿ ಹಿಂಡಬಾರದು ಎಂಬುದು ತಾನಾಗಿ ಗೊತ್ತಾಗುತ್ತದೆ. ಜೆಪೆಗ್ ಚಿತ್ರವನ್ನು 8 ಪಿಕ್ಸೆಲ್ ಅಗಲ, 8 ಪಿಕ್ಸೆಲ್ ಎತ್ತರದ ಚೌಕಗಳಾಗಿ ಕತ್ತರಿಸುತ್ತದೆ. ಒಂದೊಂದು ಚೌಕವನ್ನೂ 64 ಅಂಕಿಗಳಾಗಿ ಬಿಡಿಸುತ್ತದೆ. ಮೊದಲ ಕೆಲವು ಅಂಕಿಗಳು ಆ ಚೌಕದ ನಿಧಾನವಾದ ಏರಿಳಿತವನ್ನು, ಅಂದರೆ ಎಲ್ಲಿ ಬೆಳಕು, ಎಲ್ಲಿ ನೆರಳು ಎಂಬುದನ್ನು ಹೇಳುತ್ತವೆ; ಕೊನೆಯ ಅಂಕಿಗಳು ತೀರ ಸಣ್ಣ ಕಂಪನಗಳನ್ನು ಹೇಳುತ್ತವೆ. ಈ ಸಣ್ಣ ಕಂಪನಗಳಿಗೆ ನಮ್ಮ ಕಣ್ಣು ಅಷ್ಟಾಗಿ ಸ್ಪಂದಿಸುವುದಿಲ್ಲ. ಹಾಗೆಯೇ ಬೆಳಕಿನ ವ್ಯತ್ಯಾಸವನ್ನು ಗುರುತಿಸುವಷ್ಟು ಚುರುಕಾಗಿ ಬಣ್ಣದ ವ್ಯತ್ಯಾಸವನ್ನು ಗುರುತಿಸುವುದಿಲ್ಲ. ಕಣ್ಣಿಗೆ ನಿಲುಕದ್ದನ್ನು ಬಿಟ್ಟುಕೊಟ್ಟು, ನಿಲುಕುವುದನ್ನು ಉಳಿಸಿಕೊಳ್ಳುವುದೇ ಇಲ್ಲಿನ ಜಾಣ್ಮೆ. ಆದ್ದರಿಂದಲೇ ಗುಣಮಟ್ಟದ ಗುಂಡಿಯನ್ನು 100ರಿಂದ 75ರ ಆಸುಪಾಸಿಗೆ ತಿರುಗಿಸಿದರೆ ಫೈಲು ಬಹಳಷ್ಟು ಕರಗುತ್ತದೆ, ಮೊಬೈಲಿನ ಪರದೆಯಲ್ಲಿ ಚಿತ್ರ ಮಾತ್ರ ಹೆಚ್ಚೂ ಕಡಿಮೆ ಹಾಗೆಯೇ ಕಾಣುತ್ತದೆ.

ಕಲ್ಲು, ಮರ, ಆಕಾಶ, ಮುಖಗಳಿರುವ ಫೋಟೋಗಳಿಗೆ ಈ ವಿಧಾನ ಹೇಳಿ ಮಾಡಿಸಿದ್ದು. ಕುರುವತ್ತಿಯ ಮಲ್ಲಿಕಾರ್ಜುನ ದೇಗುಲವಿರಲಿ, ಗುಡೇಕೋಟೆಯ ಕರಡಿಧಾಮದ ಬಂಡೆಗಳಿರಲಿ, ಜೆಪೆಗ್ ಸಾಕು. ಗೂಗಲ್ 2010ರಲ್ಲಿ ಹೊರತಂದ ವೆಬ್‌ಪಿ ಇನ್ನೂ ಹಗುರ. ಅದೇ ಗುಣಮಟ್ಟದಲ್ಲಿ ಜೆಪೆಗ್‌ಗಿಂತ ನಾಲ್ಕನೇ ಒಂದರಿಂದ ಮೂರನೇ ಒಂದು ಭಾಗದಷ್ಟು ತೂಕ ಇಳಿಯುತ್ತದೆ ಎನ್ನುತ್ತದೆ ಆ ಸಂಸ್ಥೆಯ ಅಳತೆ. 2019ರಲ್ಲಿ ಬಂದ ಎವಿಐಎಫ್ ಅದಕ್ಕಿಂತಲೂ ಬಿಗಿಯಾಗಿ ಹಿಂಡಬಲ್ಲದು. 2022ರ ಹೊತ್ತಿಗೆ ಕ್ರೋಮ್, ಫೈರ್‌ಫಾಕ್ಸ್, ಸಫಾರಿ ಮೂರೂ ಅದನ್ನು ತೆರೆಯಲು ಕಲಿತಿದ್ದವು. ಲಾಂಛನ, ನಕಾಶೆ, ಮಳೆಯ ಗ್ರಾಫ್‌ಗಳ ಲೆಕ್ಕವೇ ಬೇರೆ. ವಿಜಯನಗರ ಜಿಲ್ಲೆಯ ಆರು ತಾಲ್ಲೂಕುಗಳ ನಕಾಶೆಯನ್ನು ಫೋಟೋದಂತೆ ಉಳಿಸಿದರೆ ಹಿಗ್ಗಿಸಿದಾಗ ಗೆರೆಗಳು ಒಡೆಯುತ್ತವೆ, ಊರಿನ ಹೆಸರುಗಳು ಮಸುಕಾಗುತ್ತವೆ. 2001ರಲ್ಲೇ ವೆಬ್ ಮಾನದಂಡವಾದ ಎಸ್‌ವಿಜಿಯಲ್ಲಿ ಬರೆದರೆ ಅದು ಚುಕ್ಕೆಗಳ ರಾಶಿಯಾಗಿರದೆ ಗೆರೆಗಳ ವಿವರಣೆಯಾಗಿರುತ್ತದೆ. ಎಷ್ಟು ಹಿಗ್ಗಿಸಿದರೂ ಚೂಪಾಗಿ ನಿಲ್ಲುತ್ತದೆ, ಊರಿನ ಹೆಸರು ಪಠ್ಯವಾಗಿಯೇ ಉಳಿಯುತ್ತದೆ, ಸರಳ ನಕಾಶೆಯಾದರೆ ಕೆಲವೇ ಕೆಬಿಯಲ್ಲಿ ಮುಗಿಯುತ್ತದೆ.

ಅಕ್ಷರ ಚಿತ್ರವಾದಾಗ

ಕನ್ನಡದ ಪುಟಗಳಲ್ಲಿ ಎಲ್ಲಕ್ಕಿಂತ ದೊಡ್ಡ ಹೊರೆ ಇರುವುದು ಫೋಟೋಗಳಲ್ಲಿ ಅಲ್ಲ, ಚಿತ್ರವಾಗಿಬಿಟ್ಟ ಅಕ್ಷರಗಳಲ್ಲಿ. ಪ್ರಕಟಣೆಯನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡಿ, ಮುದ್ರಿಸಿ, ಸಹಿ ಹಾಕಿ, ಸ್ಕ್ಯಾನ್ ಮಾಡಿ, ಆ ಸ್ಕ್ಯಾನನ್ನು ಪುಟಕ್ಕೆ ಏರಿಸುವುದು ರೂಢಿಯಾಗಿದೆ. ಅಚ್ಚುಕಟ್ಟಾಗಿ ಇದ್ದ ಪಠ್ಯವನ್ನು ನಾವೇ ಚುಕ್ಕೆಗಳಾಗಿ ಒಡೆಯುತ್ತೇವೆ. ಲೆಕ್ಕ ನೋಡಿ. ಯೂನಿಕೋಡ್‌ನಲ್ಲಿ ಕನ್ನಡದ ಒಂದು ಸಂಕೇತಕ್ಕೆ ವೆಬ್‌ನಲ್ಲಿ 3 ಬೈಟ್ ಸಾಕು. ಒಂದು ಪುಟದ ಪ್ರಕಟಣೆಯಲ್ಲಿ 2000 ಸಂಕೇತಗಳಿದ್ದರೂ 6 ಕೆಬಿ ದಾಟುವುದಿಲ್ಲ. ಅದೇ ಹಾಳೆಯನ್ನು ಇಂಚಿಗೆ 300 ಚುಕ್ಕೆಯಂತೆ ಸ್ಕ್ಯಾನ್ ಮಾಡಿದರೆ 2480 ಅಗಲ, 3508 ಎತ್ತರ, ಒಟ್ಟು 87 ಲಕ್ಷ ಚುಕ್ಕೆಗಳ ಚಿತ್ರವಾಗುತ್ತದೆ. ಸಾಮಾನ್ಯವಾಗಿ ಅದು ನೂರಾರು ಕೆಬಿ. ಡೇಟಾ ಮುಗಿದ ಮೊಬೈಲಿನಲ್ಲೂ ಒಂದು ಸೆಕೆಂಡಿನಲ್ಲಿ ತಲುಪಬಹುದಾದ ಮಾತಿಗೆ ನಿಮಿಷ ಹಿಡಿಯುವುದು ಹೀಗೆ. ತಲುಪಿದ ಮೇಲೂ ಓದುವುದು ಸುಲಭವಲ್ಲ. ಪಠ್ಯವಾದರೆ ಪರದೆಯ ಅಗಲಕ್ಕೆ ತಕ್ಕಂತೆ ಸಾಲು ಮುರಿದುಕೊಳ್ಳುತ್ತದೆ. ಚಿತ್ರವಾದರೆ ಒಂದೊಂದು ಸಾಲಿಗೂ ಬೆರಳಿನಿಂದ ಹಿಗ್ಗಿಸಿ, ಎಡದಿಂದ ಬಲಕ್ಕೆ ಎಳೆದು, ಮತ್ತೆ ಎಡಕ್ಕೆ ಬರಬೇಕು.

ಜೆಪೆಗ್‌ನ ಗಣಿತ ಸೋಲುವುದೂ ಇಲ್ಲಿಯೇ. ಬಿಳಿ ಹಾಳೆಯ ಮೇಲಿನ ಕಪ್ಪು ಅಕ್ಷರದ ಅಂಚು ತಟ್ಟನೆ ಬದಲಾಗುವಂಥದ್ದು. ಆ ಸಣ್ಣ ಕಂಪನಗಳನ್ನು ಬಿಟ್ಟುಕೊಟ್ಟರೆ ಅಂಚಿನ ಸುತ್ತ ಧೂಳು ಮೆತ್ತಿದಂತಾಗುತ್ತದೆ. ಕನ್ನಡದಲ್ಲಿ ಒತ್ತಕ್ಷರ, ಕೊಂಬು, ದೀರ್ಘ, ಅರ್ಕಾವತ್ತುಗಳು ಮೂಲ ಅಕ್ಷರಕ್ಕಿಂತ ಚಿಕ್ಕವು, ಒಂದರ ಪಕ್ಕ ಒಂದು ಒತ್ತಿಕೊಂಡು ಕೂತಿರುತ್ತವೆ. ಚಿತ್ರ ಹಿಂಡಿದಾಗ ಮೊದಲು ಅಳಿಸುವುದು ಅವೇ. ಅದೇ ಚಿತ್ರ ಒಂದು ವಾಟ್ಸ್‌ಆ್ಯಪ್ ಗುಂಪಿನಿಂದ ಇನ್ನೊಂದಕ್ಕೆ ಸ್ಕ್ರೀನ್‌ಶಾಟ್ ಆಗಿ ಹೋದಂತೆಲ್ಲ ಮತ್ತೆ ಮತ್ತೆ ಹಿಂಡಿಸಿಕೊಳ್ಳುತ್ತದೆ. ಸರ್ವೆ ನಂಬರಿನಲ್ಲಿ 3 ಯಾವುದು, 8 ಯಾವುದು ಎಂದು ತಿಳಿಯದಂತಾದರೆ ತೊಂದರೆ ಅನುಭವಿಸುವವರು ರೈತರು. ಸ್ಕ್ಯಾನ್ ಎಂದರೆ ಮೂಲದ ನಿಷ್ಠ ಪ್ರತಿ ಎಂಬ ನಂಬಿಕೆಯೂ ಎಲ್ಲ ವೇಳೆಯಲ್ಲಿ ನಿಲ್ಲುವುದಿಲ್ಲ. ಜರ್ಮನಿಯ ಡೇವಿಡ್ ಕ್ರೀಸೆಲ್ ಎಂಬ ಕಂಪ್ಯೂಟರ್ ವಿಜ್ಞಾನಿ 2013ರಲ್ಲಿ ತೋರಿಸಿಕೊಟ್ಟಂತೆ, ಜೆರಾಕ್ಸ್ ಕಂಪನಿಯ ಕೆಲವು ಸ್ಕ್ಯಾನರುಗಳು ಒಂದೇ ತೆರನಾಗಿ ಕಾಣುವ ಆಕಾರಗಳನ್ನು ಒಂದೇ ಎಂದು ಭಾವಿಸಿ ಹಿಂಡುವಾಗ ಕಾಗದದಲ್ಲಿದ್ದ 6 ಅನ್ನು 8 ಮಾಡಿಬಿಡುತ್ತಿದ್ದವು. ಕಂಪನಿ ಆಮೇಲೆ ಸಾಫ್ಟ್‌ವೇರ್ ತಿದ್ದಬೇಕಾಯಿತು.

ಅಕ್ಷರವನ್ನು ಚಿತ್ರ ಮಾಡುವ ಅಭ್ಯಾಸಕ್ಕೆ ಒಂದು ಕಾಲದಲ್ಲಿ ಕಾರಣವಿತ್ತು. ಬರಹ, ನುಡಿಗಳಂಥ ತಂತ್ರಾಂಶಗಳ ಮೊದಲ ದಿನಗಳಲ್ಲಿ ಒಂದೊಂದು ಫಾಂಟಿಗೂ ಅದರದೇ ಸಂಕೇತ ಕ್ರಮವಿತ್ತು. ಓದುವವರ ಕಂಪ್ಯೂಟರಿನಲ್ಲಿ ಅದೇ ಫಾಂಟ್ ಇಲ್ಲದಿದ್ದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತಿತ್ತು. ಆಗ ಚಿತ್ರ ಮಾಡಿ ಹಾಕುವುದೇ ಖಾತ್ರಿ ದಾರಿಯಾಗಿತ್ತು. ಆದರೆ 1991ರ ಮೊದಲ ಆವೃತ್ತಿಯಿಂದಲೇ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಜಾಗವಿದೆ. 2001ರ ವಿಂಡೋಸ್ ಎಕ್ಸ್‌ಪಿ ತುಂಗಾ ಎಂಬ ಕನ್ನಡ ಫಾಂಟನ್ನು ಜೊತೆಗೇ ತಂದಿತು. ಇಂದು ಕೈಗೆ ಸಿಗುವ ಅಗ್ಗದ ಮೊಬೈಲ್ ಕೂಡ ಕನ್ನಡವನ್ನು ಸರಿಯಾಗಿ ತೋರಿಸುತ್ತದೆ. ಕಾರಣ ಹೋಯಿತು, ಅಭ್ಯಾಸ ಉಳಿದುಕೊಂಡಿದೆ.

ಅದರ ಬೆಲೆ ವೇಗಕ್ಕಷ್ಟೇ ಸೀಮಿತವಲ್ಲ. ಕರ್ನಾಟಕದಲ್ಲಿ ಹಾಸನ ಜಿಲ್ಲೆಯ ಅರಸೀಕೆರೆ ಹೆಸರಾದದ್ದು. ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆ ಹೋಬಳಿ ಹೊರಗಿನವರಿಗೆ ಅಷ್ಟು ಪರಿಚಿತವಲ್ಲ. ಈ ಅರಸೀಕೆರೆಗೆ ಸಂಬಂಧಿಸಿದ ಪ್ರಕಟಣೆ ಪಠ್ಯವಾಗಿದ್ದು, ತಾಲ್ಲೂಕು, ಜಿಲ್ಲೆಯ ಹೆಸರು ಸ್ಪಷ್ಟವಾಗಿದ್ದರೆ ಹುಡುಕುವವರಿಗೆ ಸಿಗುತ್ತದೆ. ಸ್ಕ್ಯಾನ್ ಚಿತ್ರದೊಳಗೆ ಹೂತಿದ್ದರೆ ಸಿಗುತ್ತದೆಂಬ ಭರವಸೆ ಇಲ್ಲ, ಸಿಗುವುದು ಹಾಸನದ ಅರಸೀಕೆರೆಯೇ. ಹರಪನಹಳ್ಳಿಯವರಂತೂ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಗಿ, ಮತ್ತೆ ಬಳ್ಳಾರಿಗೆ ಮರಳಿ, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿದವರು. ಯಾವ ಆದೇಶ ಯಾವ ಜಿಲ್ಲೆಯ ಕಾಲದ್ದು, ಈಗ ಯಾವ ಕಚೇರಿಗೆ ಹೋಗಬೇಕು ಎಂದು ಹುಡುಕುವ ಅಗತ್ಯ ಅವರಿಗೆ ಉಳಿದವರಿಗಿಂತ ಹೆಚ್ಚು. ಇನ್ನು ಕಣ್ಣು ಕಾಣದವರು ಪುಟವನ್ನು ಓದಿ ಹೇಳುವ ತಂತ್ರಾಂಶದ ಮೂಲಕ ಕೇಳಿಸಿಕೊಳ್ಳುತ್ತಾರೆ. ಬರಿಯ ಚಿತ್ರ ಸಿಕ್ಕಿದರೆ ಆ ತಂತ್ರಾಂಶ ಸಾಮಾನ್ಯವಾಗಿ ಹೇಳಬಲ್ಲದ್ದು ಇಲ್ಲೊಂದು ಚಿತ್ರವಿದೆ ಎಂದಷ್ಟೇ. ಚಿತ್ರಗಳಿಗೆ ಪರ್ಯಾಯ ಪಠ್ಯ ಕೊಡಬೇಕು, ಅಕ್ಷರಗಳನ್ನು ಚಿತ್ರ ಮಾಡಬಾರದು ಎಂಬುದು ಅಂತರರಾಷ್ಟ್ರೀಯ ವೆಬ್ ಮಾನದಂಡದಲ್ಲೂ ಇದೆ, ಅದನ್ನು ಆಧರಿಸಿದ ಭಾರತ ಸರ್ಕಾರದ ಜಾಲತಾಣ ಮಾರ್ಗಸೂಚಿಯಲ್ಲೂ ಇದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ ಆಶಯವೂ ಅದೇ.

ಆಕ್ಷೇಪಗಳು

ಮೊದಲ ಆಕ್ಷೇಪ ಸಹಜವಾದದ್ದು. 2016ರ ನಂತರ ಡೇಟಾ ಅಗ್ಗವಾಯಿತು, ಈಗ 5ಜಿಯೂ ಬಂದಿದೆ, ಇನ್ನೂ ಕೆಬಿ ಲೆಕ್ಕ ಹಾಕಬೇಕೇ? ವೇಗ ಹೆಚ್ಚಿದೆ ಎಂಬುದು ನಿಜ. ಆದರೆ ಒಂದು ಟವರಿನ ಸಾಮರ್ಥ್ಯ ಅಲ್ಲಿರುವ ಜನರ ನಡುವೆ ಹಂಚಿಹೋಗುತ್ತದೆ. ಭರತ ಹುಣ್ಣಿಮೆಯ ಹೊತ್ತಿಗೆ ಕಾರ್ಣಿಕ ಕೇಳಲು ಮೈಲಾರದಲ್ಲಿ, ಗುರು ಕೊಟ್ಟೂರೇಶ್ವರರ ತೇರಿನ ದಿನ ಕೊಟ್ಟೂರಿನಲ್ಲಿ ಸೇರುವ ಜನಸಾಗರವನ್ನು ನೆನೆಯಿರಿ. ಬಸ್ಸಿನ ಸಮಯ, ಆಸ್ಪತ್ರೆಯ ದಾರಿ, ಪೊಲೀಸ್ ಸೂಚನೆ ಜನರಿಗೆ ಬೇಕಾಗುವುದು ಆ ದಿನವೇ. ಜಾಲ ಬಿಗಿದುಕೊಳ್ಳುವುದೂ ಆ ದಿನವೇ. ಅದಲ್ಲದೆ ಎಷ್ಟೇ ವೇಗವಿದ್ದರೂ ಬಗೆಹರಿಯದ ಇನ್ನೊಂದು ತೊಡಕಿದೆ. ಫೈಲು ಎಷ್ಟೇ ಚಿಕ್ಕದಾಗಿ ಬರಲಿ, ತೋರಿಸುವಾಗ ಮೊಬೈಲು ಅದನ್ನು ಬಿಡಿಸಿ ಚುಕ್ಕೆಗೆ 4 ಬೈಟಿನಂತೆ ಮೆಮೊರಿಯಲ್ಲಿ ಇಡಬೇಕು. 12 ಮೆಗಾಪಿಕ್ಸೆಲ್ಲಿನ ಒಂದು ಚಿತ್ರಕ್ಕೆ 48 ಎಂಬಿ ಮೆಮೊರಿ ಹೋಗುತ್ತದೆ. ಅಂಥ ಹತ್ತು ಚಿತ್ರಗಳಿದ್ದರೆ 2 ಜಿಬಿ ರ‍್ಯಾಮ್‌ನ ಹಳೆಯ ಮೊಬೈಲು ತಡವರಿಸುವುದು ಖಂಡಿತ. ಆದ್ದರಿಂದ ಗುಣಮಟ್ಟ ಇಳಿಸುವುದಕ್ಕಿಂತ ಮೊದಲು ಅಗಲ, ಎತ್ತರವನ್ನು ಇಳಿಸಬೇಕು.

ಎರಡನೆಯ ಆಕ್ಷೇಪ ಇತಿಹಾಸ, ಶಿಲ್ಪಗಳ ಮೇಲೆ ಪ್ರೀತಿ ಇರುವವರದು. ಹಿರೇಹಡಗಲಿಯ ದೇಗುಲದ ಗೋಡೆಯ ಕೆತ್ತನೆಯನ್ನು, ಅಂಬಳಿಯ ಶಾಸನವನ್ನು ಹಿಂಡಿಬಿಟ್ಟರೆ ಅಭ್ಯಾಸಕ್ಕೆ ಏನು ಉಳಿಯುತ್ತದೆ? ಕಾಳಜಿ ಸರಿಯಾದದ್ದು. ಆದರೆ ಕಾಪಿಡುವ ಪ್ರತಿ ಬೇರೆ, ತೋರಿಸುವ ಪ್ರತಿ ಬೇರೆ. ಮೂಲವನ್ನು ಒಂದು ಚುಕ್ಕೆಯೂ ಕಳೆಯದಂತೆ ಇಟ್ಟುಕೊಳ್ಳಬೇಕು. ಪುಟದಲ್ಲಿ ಹಗುರ ಪ್ರತಿ ಕಾಣಬೇಕು, ಬೇಕೆನ್ನುವವರಿಗೆ ಮೂಲದ ಕೊಂಡಿ ಪಕ್ಕದಲ್ಲಿ ತೂಕದ ಸಮೇತ ಇರಬೇಕು. ವಿಕಿಪೀಡಿಯ ನಡೆಯುತ್ತಿರುವುದು ಹೀಗೆಯೇ. ಲೇಖನದಲ್ಲಿ ಕಾಣುವುದು ಚಿಕ್ಕ ಪ್ರತಿ, ಒತ್ತಿದರೆ ದೊಡ್ಡದು, ಮೂಲ ಫೈಲು ವಿಕಿಮೀಡಿಯ ಕಾಮನ್ಸ್‌ನಲ್ಲಿ ಭದ್ರ. ಆಯ್ಕೆ ಓದುಗರ ಕೈಯಲ್ಲಿರುವುದರಿಂದ ಸಂಶೋಧಕರಿಗೂ ನಷ್ಟವಿಲ್ಲ, ದಾರಿಹೋಕರಿಗೂ ಹೊರೆಯಿಲ್ಲ.

ಮೂರನೆಯದು ಕಚೇರಿಗಳ ಆಕ್ಷೇಪ. ಸಹಿ, ಮೊಹರು ಇಲ್ಲದ ಪಠ್ಯವನ್ನು ಜನ ನಂಬುವುದಿಲ್ಲ, ಯಾರಾದರೂ ತಿದ್ದಿ ಹಂಚಬಹುದು ಎಂಬ ಅಳುಕು. ಅಳುಕಿಗೆ ಕಾರಣವಿದೆ, ಆದರೆ ಸ್ಕ್ಯಾನ್ ಅದಕ್ಕೆ ಮದ್ದಲ್ಲ. ಚಿತ್ರವನ್ನು ತಿದ್ದುವುದು ಇಂದು ಮೊಬೈಲಿನಲ್ಲೇ ಆಗುವ ಕೆಲಸ. ಸುಳ್ಳು ಆದೇಶದ ಚಿತ್ರಗಳು ಹರಿದಾಡುವುದೂ ಮೊಹರಿನ ಸಮೇತವೇ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000 ಡಿಜಿಟಲ್ ಸಹಿಗೆ ಕಾನೂನಿನ ಮಾನ್ಯತೆ ಕೊಟ್ಟಿದೆ. ತಿದ್ದಿದರೆ ಆ ಸಹಿ ತಾನೇ ಸಿಕ್ಕಿಹಾಕಿಸುತ್ತದೆ. ಅದು ಆಗದ ಕಡೆಯೂ ದಾರಿ ಇದೆ. ಆದೇಶದ ಪಠ್ಯವನ್ನು ಪುಟದಲ್ಲಿ ಓದುವಂತೆ ಹಾಕಿ, ಸಹಿ ಮಾಡಿದ ಪ್ರತಿಯನ್ನು ಕೆಳಗೆ ಪಿಡಿಎಫ್ ಆಗಿ ಕೊಡಬಹುದು. ಟೈಪ್ ಮಾಡಿದ ಫೈಲು ಕಚೇರಿಯಲ್ಲೇ ಇರುವುದರಿಂದ ಹೆಚ್ಚಿನ ಕೆಲಸವೆಂದರೆ ಅಲ್ಲಿಂದ ಇಲ್ಲಿಗೆ ನಕಲಿಸುವುದಷ್ಟೇ.

ಕೊನೆಯ ಆಕ್ಷೇಪ ಎಲ್ಲಕ್ಕಿಂತ ಗಟ್ಟಿಯಾದದ್ದು. ಗ್ರಾಮ ಪಂಚಾಯಿತಿಯಲ್ಲಿ, ಶಾಲೆಯಲ್ಲಿ, ಸಣ್ಣ ಅಂಗಡಿಯಲ್ಲಿ ಪುಟ ನೋಡಿಕೊಳ್ಳುವವರಿಗೆ ಇದಕ್ಕೆಲ್ಲ ಸಮಯ, ತರಬೇತಿ ಎಲ್ಲಿದೆ? ಅವರ ಮೇಲೆ ಹೊರೆ ಹೊರಿಸಬಾರದು ಎಂಬ ಮಾತು ನ್ಯಾಯವಾದದ್ದು. ಒಂದೆರಡು ಚಿತ್ರಗಳಿಗಾದರೆ ಬ್ರೌಸರಿನಲ್ಲೇ ನಡೆಯುವ ಸ್ಕ್ವೂಶ್‌ನಂಥ ಉಚಿತ ಸಾಧನ ಸಾಕು. ಆದರೆ ನಿಜವಾದ ಪರಿಹಾರ ಯಂತ್ರಕ್ಕೆ ಕೆಲಸ ಒಪ್ಪಿಸುವುದು. ವರ್ಡ್‌ಪ್ರೆಸ್ 2015ರ ಕೊನೆಯ ಆವೃತ್ತಿಯಿಂದಲೇ ಒಂದು ಫೋಟೋದ ಹಲವು ಗಾತ್ರದ ಪ್ರತಿಗಳನ್ನು ಬ್ರೌಸರಿನ ಮುಂದಿಡುತ್ತದೆ; ಬ್ರೌಸರು ತನ್ನ ಪರದೆಗೆ ತಕ್ಕದ್ದನ್ನು ಆರಿಸಿಕೊಳ್ಳುತ್ತದೆ. 2020ರಿಂದ, ಓದುಗರು ಕೆಳಗೆ ಸರಿದು ಬರುವವರೆಗೂ ಕೆಳಗಿನ ಚಿತ್ರಗಳನ್ನು ತರಿಸದೆ ತಡೆಹಿಡಿಯುವ ವ್ಯವಸ್ಥೆಯೂ ಅದರಲ್ಲಿದೆ. ಚಿತ್ರದ ಅಗಲ, ಎತ್ತರವನ್ನು ಮೊದಲೇ ಬರೆದಿಟ್ಟರೆ ಬ್ರೌಸರು ಜಾಗ ಕಾಯ್ದಿರಿಸುತ್ತದೆ. ಇಲ್ಲದಿದ್ದರೆ ತಡವಾಗಿ ಬಂದ ಚಿತ್ರ ಪಠ್ಯವನ್ನು ಕೆಳಕ್ಕೆ ತಳ್ಳಿ, ಅರ್ಜಿ ಸಲ್ಲಿಸಲು ಹೋದ ಬೆರಳು ಬೇರೆ ಗುಂಡಿಯ ಮೇಲೆ ಬೀಳುತ್ತದೆ. ಇವೆಲ್ಲ ಪುಟದ ಚೌಕಟ್ಟು ಕಟ್ಟುವಾಗ ಒಮ್ಮೆ ಮಾಡಿಟ್ಟರೆ ಮುಗಿಯುವ ಕೆಲಸಗಳು. ದಿನವೂ ಫೋಟೋ ಏರಿಸುವವರಿಗೆ ಉಳಿಯುವುದು ಚಿತ್ರದಲ್ಲಿ ಏನಿದೆ ಎಂದು ಒಂದು ಸಾಲು ಬರೆಯುವುದು ಮಾತ್ರ.

ಹಾಗಾದರೆ ಈ ಮಾತನ್ನು ಕೇಳಬೇಕಾದವರು ಯಾರು? ಪುಟ ಕಟ್ಟಿಸಲು ಹಣ ಕೊಡುವವರು. ಪಂಚಾಯಿತಿಯಿರಲಿ, ಸಹಕಾರ ಸಂಘವಿರಲಿ, ದೇವಸ್ಥಾನ ಸಮಿತಿಯಿರಲಿ, ಹಡಗಲಿ ಮಲ್ಲಿಗೆ ಮಾರುವ ವ್ಯಾಪಾರಿಯಿರಲಿ, ವೆಬ್‌ಸೈಟಿನ ಗುತ್ತಿಗೆ ಕೊಡುವಾಗ ಬಣ್ಣ, ಬ್ಯಾನರುಗಳ ಬಗ್ಗೆ ಕೇಳುವಷ್ಟೇ ಗಟ್ಟಿಯಾಗಿ ನಾಲ್ಕು ಷರತ್ತು ಹಾಕಬೇಕು. ಮುಖಪುಟದ ಒಟ್ಟು ತೂಕಕ್ಕೆ ಒಂದು ಮಿತಿ ಇರಲಿ. ಏರಿಸಿದ ಫೋಟೋಗಳನ್ನು ತಂತ್ರಾಂಶವೇ ಪರದೆಗೆ ತಕ್ಕಂತೆ ಇಳಿಸಲಿ. ಅಕ್ಷರ ಅಕ್ಷರವಾಗಿಯೇ ಇರಲಿ. ಹಣ ಸಂದಾಯವಾಗುವ ಮೊದಲು ಅಗ್ಗದ ಮೊಬೈಲಿನಲ್ಲಿ, ಸಿಗ್ನಲ್ ಕಡಿಮೆ ಇರುವ ಹಳ್ಳಿಯಲ್ಲಿ ಪುಟ ತೆರೆದು ತೋರಿಸಲಿ. ಇವುಗಳಲ್ಲಿ ಯಾವುದಕ್ಕೂ ಹೊಸ ಯಂತ್ರ ಬೇಡ, ದುಬಾರಿ ಪರವಾನಗಿ ಬೇಡ. ಬೇಕಾದ ಗಣಿತವನ್ನು ಬೆಂಗಳೂರಿನಿಂದ ಹೋದವರೊಬ್ಬರು 1974ರಲ್ಲೇ ಜಗತ್ತಿಗೆ ಕೊಟ್ಟಿದ್ದಾರೆ, ಬೇಕಾದ ಅಕ್ಷರಗಳು ಎಲ್ಲ ಮೊಬೈಲುಗಳಲ್ಲೂ ಇವೆ. ಇಷ್ಟೆಲ್ಲ ಕೈಯಲ್ಲಿದ್ದೂ ಭಾರವನ್ನು ಓದುಗರ ಹೆಗಲಿಗೇ ದಾಟಿಸಿದರೆ ಅದನ್ನು ತಂತ್ರಜ್ಞಾನದ ಕೊರತೆ ಎನ್ನಲಾಗದು. ಷರತ್ತು ಹಾಕದವರ ನಿರ್ಲಕ್ಷ್ಯ ಎಂದೇ ಹೇಳಬೇಕು, ಆ ನಿರ್ಲಕ್ಷ್ಯವನ್ನು ಮುಂದಿನ ಗುತ್ತಿಗೆಯಿಂದಲೇ ತಿದ್ದಿಕೊಳ್ಳಬಹುದು.